ಗಂಟಲಿನ ಸೋಂಕಿಗೂ ಮಕ್ಕಳ ಸೋರಿಯಾಸಿಸ್‌ಗೂ ಇರುವ ನಂಟನ್ನು ತನಿಖೆ ಮಾಡಿಸಿ: ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ರಸ್ತೆ, ಮರಳು, ಕುಡಿಯುವ ನೀರಿನ ನಡುವೆ ಐದು ನಿಮಿಷ ಸೋರಿಯಾಸಿಸ್ ಎಂಬ ಮಕ್ಕಳ ಚರ್ಮರೋಗಕ್ಕೂ ಕೊಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಕುಂದಾಪುರ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಒಬ್ಬಳು ಹುಡುಗಿ ಎಂಥ ಸೆಕೆಯಲ್ಲೂ ಉದ್ದ ತೋಳಿನ ಅಂಗಿಯನ್ನೇ ಹಾಕುತ್ತಾಳೆ. ಮೊಣಕೈಯಿಂದ ಬೆಂಚಿನ ಮೇಲೆ ಉದುರಿದ ಬಿಳಿ ಹೊಟ್ಟನ್ನು ಯಾರೂ ನೋಡುವ ಮೊದಲು ಅಂಗೈಯಲ್ಲಿ ಒರೆಸಿ ಕಿಸೆಗೆ ಹಾಕಿಕೊಳ್ಳುತ್ತಾಳೆ. ಬಿಸಿಯೂಟಕ್ಕೆ ಅವಳ ಪಕ್ಕ ಯಾರೂ ಕೂರುವುದಿಲ್ಲ. ಸೋರಿಯಾಸಿಸ್ ಮುಟ್ಟಿದರೆ ಹರಡುವುದಿಲ್ಲ ಎಂದು ಎಷ್ಟು ಹೇಳಿದರೂ ಮಕ್ಕಳ ಮನೆಯವರ ಹೆದರಿಕೆ ಹೋಗಿಲ್ಲ.

ಮಳೆಗಾಲದಲ್ಲಿ ಗಂಟಲು ಬಾತು ಜ್ವರ ಬಂದಿತ್ತು, ಅದು ಇಳಿದ ಮೇಲೆ ಮೈತುಂಬ ಕೆಂಪು ಬೊಕ್ಕೆ ಎದ್ದಿತು ಎನ್ನುತ್ತಾರೆ ಅವಳ ಅಮ್ಮ. ಚರ್ಮವೈದ್ಯರಿಗೆ ಇದು ಹೊಸ ಕಥೆಯಲ್ಲ. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದ ಎರಡು ಮೂರು ವಾರಕ್ಕೆ ಕೆಲವು ಮಕ್ಕಳಲ್ಲಿ ಹನಿ ಹನಿಯಾಗಿ ಕಾಣಿಸಿಕೊಳ್ಳುವ ಸೋರಿಯಾಸಿಸ್‌ಗೆ ಗಟೇಟ್ ಎಂಬ ಹೆಸರೇ ಇದೆ. ಕೆಲವರಿಗೆ ಅದು ಕೆಲವೇ ತಿಂಗಳಲ್ಲಿ ಮಾಯುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಸೋಂಕು ಬಂದವರೆಲ್ಲರಿಗೂ ಈ ರೋಗ ಬರುವುದಿಲ್ಲ, ವಂಶವಾಹಿಯ ಪಾತ್ರವೂ ಇದೆ. ಬೊಕ್ಕೆ ಎದ್ದ ಮೇಲೆ ಆ್ಯಂಟಿಬಯಾಟಿಕ್ ಕೊಟ್ಟರೆ ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಹಾಗಾಗಿ ನಾನು ಮಾತ್ರೆ ಹಂಚಿ ಎನ್ನುತ್ತಿಲ್ಲ, ತನಿಖೆ ಮಾಡಿಸಿ ಎನ್ನುತ್ತಿದ್ದೇನೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಚರ್ಮವನ್ನೂ ನೋಡುತ್ತದೆ, ರುಮ್ಯಾಟಿಕ್ ಹೃದ್ರೋಗದ ಲಕ್ಷಣವನ್ನೂ ಹುಡುಕುತ್ತದೆ. ಆ ಹೃದ್ರೋಗದ ಮೂಲವೂ ಇದೇ ಗಂಟಲಿನ ಸ್ಟ್ರೆಪ್ಟೋಕಾಕಸ್! ಒಂದೇ ತಪಾಸಣೆಯಲ್ಲಿ ಎರಡನ್ನೂ ನೋಡುವಾಗ ನಡುವಿನ ಗಂಟಲನ್ನು ಬಿಡುವುದೇಕೆ? ಹೊಸದಾಗಿ ಬೊಕ್ಕೆ ಎದ್ದ ಮಗುವಿನ ಗಂಟಲಿನ ಸ್ವ್ಯಾಬ್ ತೆಗೆದು, ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಲಿ, ರಕ್ತದ ಎಎಸ್‌ಒ ಪರೀಕ್ಷೆಯೂ ಆಗಲಿ. ಗಂಟಲು ಸರಿಹೋದ ಮೇಲೂ ಆ ರಕ್ತಪರೀಕ್ಷೆ ಹಿಂದಿನ ಸೋಂಕಿನ ಸುಳಿವು ಕೊಡಬಲ್ಲದು.

ಜೊತೆಗೆ ಅದೇ ತರಗತಿಯ ಆರೋಗ್ಯವಂತ ಮಕ್ಕಳನ್ನೂ ಪರೀಕ್ಷಿಸಲೇಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಂಟಲು ನೋವು ಯಾರಿಗೆ ಬರುವುದಿಲ್ಲ? ಹೋಲಿಸಿ ನೋಡದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. 1953ರಿಂದ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜಿದೆ, ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆಯಿದೆ. ಇಬ್ಬರನ್ನೂ ಒಂದು ಮೇಜಿಗೆ ಕರೆಯಲು ನಿಮ್ಮಿಂದ ಸಾಧ್ಯ.

ಈಗ ಆಗುತ್ತಿರುವುದೇನು? ಹುಳುಕಡ್ಡಿ ಇರಬೇಕು ಎಂದುಕೊಂಡು ಮೆಡಿಕಲ್ ಶಾಪಿನಿಂದ ಸ್ಟೆರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚುತ್ತಾರೆ. ಹಚ್ಚಿದಾಗ ತಗ್ಗುತ್ತದೆ, ಬಿಟ್ಟೊಡನೆ ದುಪ್ಪಟ್ಟಾಗಿ ಮರಳಬಹುದು. ವೈದ್ಯರ ಚೀಟಿಯಿಲ್ಲದೆ ಅಂಥ ಮುಲಾಮು ಮಾರದಂತೆ ನೋಡಿಕೊಳ್ಳಲು ತನಿಖೆ ಮುಗಿಯುವವರೆಗೆ ಕಾಯಬೇಕಿಲ್ಲ.

ಜೂನ್‌ಗೆ ಮೊದಲು ಆದೇಶ ಹೊರಡಿಸಿ. ಪೋಷಕರಿಗೆ ತಿಳಿಹೇಳಿ ಒಪ್ಪಿಗೆ ಪತ್ರ ತರುವ ಕೆಲಸವನ್ನು ನಮ್ಮ ಶಾಲೆಯಲ್ಲಿ ನಾನೇ ಮಾಡುತ್ತೇನೆ.

ಇತಿ,
ಕುಂದಾಪುರ ತಾಲೂಕಿನ ಒಬ್ಬ ಶಿಕ್ಷಕಿ