ಮಗಳಿಗೊಂದು ಪತ್ರ: ಮ್ಯಾನೇಜರ್ ಸಿಟ್ಟು, ಹಾಲಿನ ಲೋಟ

ಶಿವಮೊಗ್ಗ
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ನೀನು ಅಳುತ್ತಿದ್ದೆ. ನಾನು "ಆಯ್ತು ಬಿಡು, ಎಲ್ಲಾ ಸರಿ ಹೋಗುತ್ತೆ" ಅಂದುಬಿಟ್ಟೆ. ಅಷ್ಟು ಹೇಳಿ ಮುಗಿಸಬಾರದಿತ್ತು. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ಅರ್ಧ ಕೇಳುತ್ತೀಯ, ಇನ್ನರ್ಧ ಗಮನ ಲ್ಯಾಪ್‌ಟಾಪ್ ಮೇಲೆ ಇರುತ್ತದೆ. ಕಾಗದವಾದರೆ ನಿಧಾನವಾಗಿ ಎರಡು ಸಲ ಓದಬಹುದು, ಅಲ್ವಾ?

ನೀನು ಹೇಳಿದ್ದೆಲ್ಲ ನನಗೆ ನೆನಪಿದೆ. ಹೊಸ ಮ್ಯಾನೇಜರ್ ಬಂದು 7 ವಾರ ಆಯಿತು. ಒಂಬತ್ತೂವರೆಗೆ ಐದು ನಿಮಿಷ ತಡವಾದರೆ ಗ್ರೂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹೆಸರು ಹಾಕುತ್ತಾರೆ. ಎರಡು ಗಂಟೆಗೊಮ್ಮೆ ಏನು ಕೆಲಸ ಆಯಿತು ಅಂತ ಬರೆದು ಕಳಿಸಬೇಕು. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ, ಬೆಳಿಗ್ಗೆ "ಯಾಕೆ ನೋಡಲಿಲ್ಲ" ಅನ್ನುತ್ತಾರೆ. ಅಜ್ಜಿಯ ವರ್ಷಾಂತಿಕಕ್ಕೆ ಕೇಳಿದ ಎರಡು ದಿನದ ರಜೆ ಕೊಡಲಿಲ್ಲ. ಇದೆಲ್ಲ ಸಾಲದು ಅಂತ ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ "ನಾಲ್ಕು ವರ್ಷದಿಂದ ಇಲ್ಲಿ ಏನು ಕಲಿತಿದ್ದೀರಿ?" ಅಂದರು.

ಆ ಮಾತು ಕೇಳಿದಾಗ ನನಗೆ 1999 ಕಣ್ಣಮುಂದೆ ಬಂತು. ಆಗ ನಿನಗೆ ನಾಲ್ಕು ವರ್ಷ. ನಾನು ಸಾಗರ ಕಡೆಯ ಬ್ಯಾಂಕ್ ಶಾಖೆಯಲ್ಲಿದ್ದೆ. ಈ ಕತೆಯನ್ನು ನಿನಗೆ ಪೂರ್ತಿಯಾಗಿ ಯಾವತ್ತೂ ಹೇಳಿಲ್ಲ.

ನಮ್ಮ ಶಾಖೆಗೆ ಆಗ ಕಂಪ್ಯೂಟರ್ ಬಂದಿರಲಿಲ್ಲ. ಎಲ್ಲವೂ ಲೆಡ್ಜರ್, ಅಂದರೆ ಖಾತೆಗಳ ಲೆಕ್ಕ ಬರೆಯುವ ದೊಡ್ಡ ಪುಸ್ತಕ. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಹಣ ತೆಗೆಯಲು ಬಂದವರು ಚೀಟಿ ಕೊಟ್ಟು ಹಿತ್ತಾಳೆ ಟೋಕನ್ ತಗೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ತಿಂಗಳಿಗೊಮ್ಮೆ ಲೆಡ್ಜರ್ ಬ್ಯಾಲೆನ್ಸಿಂಗ್. ಒಂದೊಂದೇ ಖಾತೆಯ ಪುಟ ತೆಗೆದು, ಅದರ ಬಾಕಿ ಪಟ್ಟಿಗೆ ಬರೆದು, ಎಲ್ಲ ಕೂಡಿಸಿದರೆ ಇಡೀ ಶಾಖೆಯ ಒಟ್ಟು ಲೆಕ್ಕವಿರುವ ಜನರಲ್ ಲೆಡ್ಜರಿನ ಮೊತ್ತಕ್ಕೆ ಪೈಸೆ ಪೈಸೆ ತಾಳೆಯಾಗಬೇಕು. ಹಳೆಯ ಮ್ಯಾನೇಜರ್ ಕಾಲದಲ್ಲಿ ನಾವು ಸ್ವಲ್ಪ ಸಡಿಲವಾಗಿದ್ದೆವು. ಸಣ್ಣ ವ್ಯತ್ಯಾಸ ಬಂದರೆ "ಮುಂದಿನ ತಿಂಗಳು ನೋಡೋಣ" ಅಂತ ಬಿಡುತ್ತಿದ್ದೆವು.

ಹೊಸಬರು ಬಂದರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಹಾಜರಿ ಪುಸ್ತಕ ಅವರ ಮೇಜಿಗೆ ಹೋಗುತ್ತಿತ್ತು. ಆಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಗೀಟು. ಸಾಗರದ ಮಳೆಗಾಲ ನಿನಗೆ ಗೊತ್ತಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅದೇ ಪುಣ್ಯ. ಅವರಿಗೆ ಅದೆಲ್ಲ ಬೇಡ.

ಒಂದು ದಿನ ನನ್ನ ಲೆಡ್ಜರಿನಲ್ಲಿ 270 ರೂಪಾಯಿ ವ್ಯತ್ಯಾಸ. ಅಡಿಕೆ ಮಾರಿದ ದುಡ್ಡು ತೆಗೆಯಲು ಬಂದವರಿಂದ ಹಾಲ್ ತುಂಬಿತ್ತು. ಮ್ಯಾನೇಜರ್ ಕ್ಯಾಬಿನ್ ಬಾಗಿಲಲ್ಲಿ ನಿಂತು ಜೋರಾಗಿ ಕೇಳಿದರು: "ಹನ್ನೊಂದು ವರ್ಷ ಸರ್ವಿಸ್ ಆಯ್ತು ನಿಮಗೆ, ಕೂಡಿಸೋಕೆ ಬರಲ್ವಾ?" ಟೋಕನ್ ಹಿಡಿದು ಕೂತಿದ್ದವರೆಲ್ಲ ತಲೆ ಎತ್ತಿ ನನ್ನನ್ನು ನೋಡಿದರು. ಕೆಲವರು ದಿನಾ ಮಾತಾಡಿಸುವವರು. ಅವರು ಪಾಪ, ಬೇಗ ಬೇರೆ ಕಡೆ ಮುಖ ತಿರುಗಿಸಿಕೊಂಡರು. ನನಗೆ ಅದೇ ಜಾಸ್ತಿ ಚುಚ್ಚಿತು.

ಸಂಜೆ ಮನೆಗೆ ಬಂದೆ. ನೀನು ಹಾಲಿನ ಲೋಟ ಹಿಡಿದು ಓಡಿ ಬಂದೆ. ಎಡವಿದೆ. ಹಾಲು ನೆಲಕ್ಕೆ ಚೆಲ್ಲಿತು. ನಾನು ಕೂಗಿದೆ: "ನಾಲ್ಕು ವರ್ಷ ಆಯ್ತು ನಿನಗೆ, ಲೋಟ ಹಿಡಿಯೋಕೆ ಬರಲ್ವಾ?"

ಅದೇ ಮಾತು, ಪುಟ್ಟಿ. ಅದೇ ದನಿ. ನೀನು ಅಳಲಿಲ್ಲ. ಸುಮ್ನೆ ನನ್ನ ಮುಖ ನೋಡುತ್ತಾ ನಿಂತೆ. ಅಜ್ಜಿ ಬಟ್ಟೆ ತಂದು ಹಾಲು ಒರೆಸಿದರು. ಒರೆಸುತ್ತಲೇ ನನ್ನ ಕಡೆ ನೋಡದೆ ಕೇಳಿದರು, "ಇದು ಯಾರ ಸಿಟ್ಟು ಮಾರಾಯ್ತಿ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ನೆಲದ ಮೇಲಿನ ಹಾಲು ಕಂಡರೆ ನನಗೆ ಅಜ್ಜಿಯ ದನಿ ಕೇಳುತ್ತದೆ.

ನಿನಗೆ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನ್ನೆ ಅಳುವಿನ ನಡುವೆ ನೀನು ಇನ್ನೊಂದು ಮಾತು ಹೇಳಿದೆ. ಕಲಬುರಗಿಯಿಂದ ಬಂದ ಆ ಹೊಸ ಹುಡುಗಿ ಏನೋ ಸಂಶಯ ಕೇಳಿದಳು, "ಇಷ್ಟೂ ಗೊತ್ತಾಗಲ್ವಾ ನಿನಗೆ" ಅಂತ ರೇಗಿದೆ, ಅವಳು ಮಧ್ಯಾಹ್ನ ಊಟಕ್ಕೂ ಬರಲಿಲ್ಲ ಅಂದೆ. ಮ್ಯಾನೇಜರ್ ಬಗ್ಗೆ ನೀನು ಹೇಳಿದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡಿತು. ಮೇಲಿನವರನ್ನು ಬದಲಾಯಿಸುವುದು ನಿನ್ನ ಕೈಯಲ್ಲಿಲ್ಲ. ಆದರೆ ಅವರ ಸಿಟ್ಟು ನಿನ್ನ ಹತ್ತಿರ ಬಂದು ನಿಲ್ಲಬೇಕಾ, ಆ ಹುಡುಗಿಯವರೆಗೂ ಹೋಗಬೇಕಾ ಅನ್ನುವುದು ಪೂರ್ತಿ ನಿನ್ನ ಕೈಯಲ್ಲಿದೆ. ನಾನು ಅವತ್ತು ಅದನ್ನು ತಡೆಯಲಿಲ್ಲ. ನೀನು ತಡಿ.

ಮತ್ತೆ ನನ್ನ ಮ್ಯಾನೇಜರ್ ಕತೆಗೆ ಬರುತ್ತೇನೆ. ಮರುದಿನ ಬೆಳಿಗ್ಗೆ ಅವರೇ ನನ್ನ ಕೌಂಟರಿಗೆ ಬಂದರು. ಪಟ್ಟಿ ನೋಡಿ, "270 ಒಂಬತ್ತರಿಂದ ಭಾಗ ಹೋಗುತ್ತೆ ನೋಡಿ. ಹಾಗಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು" ಅಂದರು. ಹುಡುಕಿದೆ. 1,850 ಇರುವ ಕಡೆ 1,580 ಬರೆದಿದ್ದೆ. ಅಕ್ಕಪಕ್ಕದ ಅಂಕಿ ತಿರುಗುಮುರುಗಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಆ ಒಂದು ಪಾಠ ರಿಟೈರ್ ಆಗುವವರೆಗೂ ನನ್ನ ಕೈ ಹಿಡಿಯಿತು. ಕಲಿಸಿದವರು ಅವರೇ. ಅವಮಾನ ಮಾಡಿದವರೂ ಅವರೇ. ಎರಡೂ ನಿಜ. ಒಂದಕ್ಕಾಗಿ ಇನ್ನೊಂದನ್ನು ಮರೆಯಬೇಕಾಗಿಲ್ಲ.

ಅವತ್ತು ಸಂಜೆ ಕ್ಯಾಶ್ ಮುಚ್ಚಿದ ಮೇಲೆ ಕ್ಯಾಬಿನ್ನಿಗೆ ಹೋದೆ. ಕಾಲು ನಡುಗುತ್ತಿತ್ತು. "ಸಾರ್, ತಪ್ಪು ನನ್ನದೇ. ಸಿಕ್ಕಿತು, ಸರಿ ಮಾಡಿದೆ. ಆದರೆ ಕಸ್ಟಮರ್ ಮುಂದೆ ಹಾಗೆ ಹೇಳಬೇಡಿ. ನಾಳೆ ಅವರು ನನ್ನ ಕೈಗೆ ಪಾಸ್‌ಬುಕ್ ಕೊಡೋಕೆ ಹಿಂದೆಮುಂದೆ ನೋಡ್ತಾರೆ" ಅಂದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಸರಿ, ಹೋಗಿ" ಅಂದರು, ಅಷ್ಟೇ. ಆಮೇಲೂ ಬೈದರು, ಅದೇನೂ ನಿಲ್ಲಲಿಲ್ಲ. ಆದರೆ ಒಳಗೆ ಕರೆದು ಬೈದರು. ಕಸ್ಟಮರ್ ಮುಂದೆ ನಿಂತು ಇನ್ನೊಂದು ಸಲ ಕೂಗಲಿಲ್ಲ.

ನೀನೂ ಹಾಗೆ ಒಂದು ಸಲ ಒಬ್ಬಳೇ ಹೋಗಿ ಮಾತಾಡು. ಮೀಟಿಂಗ್ ಮುಗಿದ ತಕ್ಷಣ ಬೇಡ, ಆಗ ನಿನ್ನ ಗಂಟಲು ಕಟ್ಟಿರುತ್ತದೆ. ಒಂದು ದಿನ ಬಿಟ್ಟು ಹೋಗು. ಮೊದಲು ನಿನ್ನ ಕಡೆ ತಪ್ಪಿದ್ದರೆ ಒಪ್ಪಿಕೋ. ಆ ವರದಿ ಎರಡು ದಿನ ತಡವಾಗಿದ್ದು ನಿಜ ಅಂತ ನೀನೇ ಹೇಳಿದೆಯಲ್ಲ. ಆಮೇಲೆ ಒಂದೇ ಮಾತು ಕೇಳು: ತಪ್ಪಿದ್ದರೆ ನನಗೇ ಹೇಳಿ, ಎಲ್ಲರ ಮುಂದೆ ಬೇಡ. ಬೇರೆ ದೂರುಗಳನ್ನು ಅವತ್ತೇ ಬಿಚ್ಚಬೇಡ.

ಇನ್ನೊಂದು. ಫೋನಿನಲ್ಲಿ ನೀನು ಅವರನ್ನು "ಅವಳು, ಅವಳು" ಅನ್ನುತ್ತಿದ್ದೆ. ಸಿಟ್ಟಿಗೆ ಬಾಯಿಗೆ ಬಂತು, ಗೊತ್ತು. ಆದರೆ ನಾಲಿಗೆಗೆ ಅಭ್ಯಾಸವಾದದ್ದು ಮುಖಕ್ಕೂ ಬರುತ್ತದೆ. ಮನೆಯಲ್ಲೂ "ಅವರು" ಅನ್ನು. ಅವರಿಗೆ ಮರ್ಯಾದೆ ಕೊಟ್ಟೇ ನಿನ್ನ ಮರ್ಯಾದೆ ಕೇಳಬೇಕು. ಆಗ ನಿನ್ನ ಮಾತಿಗೆ ತೂಕ ಬರುತ್ತದೆ.

ಬರವಣಿಗೆಯ ವಿಷಯ. ಅದೇ ಮ್ಯಾನೇಜರ್ ಒಂದು ದಿನ ಊರಿನ ದೊಡ್ಡವರೊಬ್ಬರ ಚೆಕ್ ತಂದು "ಪಾಸ್ ಮಾಡಿ" ಅಂದರು. ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಮ್ಯಾನೇಜರಿಗೆ ಒಂದು ಮಿತಿಯವರೆಗೆ ಅಧಿಕಾರ ಇರುತ್ತದೆ, ಆದರೆ ಅದು ಅವರ ಸಹಿಯ ಮೇಲೆ ಹೋಗಬೇಕು. "ಸಾರ್, ಚೆಕ್ ಮೇಲೆ ಒಂದು ಇನಿಷಿಯಲ್ ಹಾಕಿಕೊಡಿ" ಅಂದೆ. ಒಂದು ಕ್ಷಣ ನನ್ನನ್ನೇ ನೋಡಿದರು. ಪೆನ್ನು ತೆಗೆದು ಹಾಕಿದರು. ಮುಂದೆ ಇನ್‌ಸ್ಪೆಕ್ಷನ್ ಬಂದಾಗ ಆ ಚೆಕ್ ಬಗ್ಗೆ ಪ್ರಶ್ನೆ ಎದ್ದಿತು. ನನ್ನನ್ನು ಯಾರೂ ಕೇಳಲಿಲ್ಲ.

ನಿನ್ನ ಆಫೀಸಿನಲ್ಲಿ ಚೆಕ್ ಇಲ್ಲ, ಆದರೆ ಇನಿಷಿಯಲ್ ಇದೆ. ನೀನು ಹೇಳಿದ ಪ್ರಕಾರ ಬೆಳಿಗ್ಗೆ ಒಂದು ಕೆಲಸ ಮೊದಲು ಅನ್ನುತ್ತಾರೆ, ಸಂಜೆ ಇನ್ನೊಂದು ಯಾಕೆ ಆಗಿಲ್ಲ ಅನ್ನುತ್ತಾರೆ. ಬಾಯಿಮಾತಿನಲ್ಲಿ ಹೇಳಿದ ತಕ್ಷಣ ಸೀಟಿಗೆ ಬಂದು ಎರಡು ಸಾಲು ಮೇಲ್ ಬರಿ: "ನೀವು ಹೇಳಿದಂತೆ ಇವತ್ತು ಇದನ್ನು ಮೊದಲು ಮುಗಿಸುತ್ತೇನೆ, ಅದು ಗುರುವಾರಕ್ಕೆ." ಜಗಳದ ದನಿ ಬೇಡ, ಮೇಲಿನವರಿಗೆ ಕಾಪಿ ಹಾಕಬೇಡ. ದಿನಾ ಹೀಗೆ ಮಾಡು. ಎರಡು ಗಂಟೆಯ ಲೆಕ್ಕವನ್ನೂ ಅವರು ಕೇಳುವ ಮೊದಲೇ ಕಳಿಸು. ಕೇಳಿಸಿಕೊಂಡು ಕೊಟ್ಟರೆ ಮನಸ್ಸು ಕಹಿಯಾಗುತ್ತದೆ, ನೀನಾಗಿ ಕಳಿಸಿದರೆ ಅದೊಂದು ಕೆಲಸ, ಮುಗಿಯಿತು. ಒಂದು ತಿಂಗಳು ತಪ್ಪದೆ ಕಳಿಸಿ, ಆಮೇಲೆ "ದಿನಕ್ಕೊಮ್ಮೆ ಸಾಕಾ" ಅಂತ ಕೇಳು. ಹೊಸ ಜಾಗಕ್ಕೆ ಬಂದವರಿಗೆ ಯಾರನ್ನು ನಂಬಬೇಕು ಅಂತ ಗೊತ್ತಿರುವುದಿಲ್ಲ. ನನ್ನ ಆ ಮ್ಯಾನೇಜರ್ ಹಿಂದಿನ ಶಾಖೆಯಲ್ಲಿ ಇನ್ಯಾರೋ ಮಾಡಿದ ತಪ್ಪಿಗೆ ಬ್ಯಾಂಕಿನಿಂದ ಚಾರ್ಜ್‌ಶೀಟ್ ತಗೊಂಡು ಬಂದವರು ಅಂತ ನನಗೆ ವರ್ಷದ ಮೇಲೆ ಗೊತ್ತಾಯಿತು.

ಹಾಗಂತ ಎಲ್ಲವನ್ನೂ ಸಹಿಸು ಅನ್ನುತ್ತಿಲ್ಲ. ರಾತ್ರಿ ಹನ್ನೊಂದರ ಮೆಸೇಜಿಗೆ ಬೆಳಿಗ್ಗೆ ಉತ್ತರ ಕೊಡು. "ತುರ್ತು ಇದ್ದರೆ ದಯವಿಟ್ಟು ಫೋನ್ ಮಾಡಿ" ಅಂತ ಒಂದು ಸಲ ಬರೆದು ಹೇಳು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ ಅದು. ಹೆಚ್ಚಿಗೆ ದುಡಿಸಿದರೆ ಎರಡು ಪಟ್ಟು ಕೂಲಿ. ಕಾಯಿಲೆಗೆ ಅಥವಾ ಬೇರೆ ನ್ಯಾಯವಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಅದರಲ್ಲೇ ಇದೆ. ಇದನ್ನು ಹಿಡಿದು ನಾಳೆಯೇ ಜಗಳಕ್ಕೆ ಹೋಗು ಅಂತಲ್ಲ. ರಜೆ ಕೇಳುವಾಗ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಬೇಡ ಅಂತ. ಬಾಯಲ್ಲಿ ಕೇಳಬೇಡ, ಅರ್ಜಿ ಹಾಕು. ಇಲ್ಲ ಅನ್ನುವುದಾದರೆ ಅವರೂ ಬರೆದೇ ಹೇಳಲಿ. ಮತ್ತೆ ಮತ್ತೆ ಎಲ್ಲರ ಮುಂದೆ ಹೀನಾಯವಾಗಿ ಮಾತಾಡಿದರೆ ದಿನ, ಹೊತ್ತು, ಆಡಿದ ಮಾತು, ಯಾರು ಇದ್ದರು, ಇಷ್ಟನ್ನು ಬರೆದಿಟ್ಟುಕೊಂಡು ಎಚ್‌ಆರ್ ಹತ್ತಿರ ಹೋಗು.

ಕೆಲಸ ಬಿಡುತ್ತೇನೆ ಅಂದೆ. ಬಿಡಬಾರದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅಲ್ಲಿ ನಿನಗೆ ಇನ್ನು 8 ತಿಂಗಳಿಗೆ 5 ವರ್ಷ ತುಂಬುತ್ತದೆ, ಕೆಲಸ ಬಿಡುವಾಗ ಕೊಡುವ ಇಡಿಗಂಟು, ಗ್ರಾಚ್ಯುಟಿ, ಸಿಗುತ್ತದೆ. ಬ್ಯಾಂಕಿನವಳಾಗಿ ಇದನ್ನು ಹೇಳದಿರಲಾರೆ. ಬಿಡುವುದಾದರೆ ಇನ್ನೊಂದು ಆಫರ್ ಕೈಗೆ ಬಂದ ಮೇಲೆ, ತಲೆ ತಣ್ಣಗಿರುವಾಗ ಬಿಡು. ಆದರೆ ನಿನ್ನ ಊಟ ನಿದ್ದೆ ಕೆಟ್ಟಿದ್ದರೆ ಈ ಲೆಕ್ಕ ಯಾವುದೂ ಬೇಡ. ಯಾರನ್ನೂ ಕೇಳಬೇಡ, ಬಟ್ಟೆ ತುಂಬಿಕೊಂಡು ಮನೆಗೆ ಬಾ. ನಿನ್ನ ಅಪ್ಪನೂ ಇದನ್ನೇ ಹೇಳಿ ಅಂದರು. ಅವರು ನಿನ್ನೆಯಿಂದ ಜಾಸ್ತಿ ಮಾತಾಡಿಲ್ಲ.

ಅಜ್ಜಿಯ ವರ್ಷಾಂತಿಕಕ್ಕೆ ನೀನು ಬರಲಿಲ್ಲ ಅಂತ ಇಲ್ಲಿ ಯಾರಿಗೂ ಬೇಸರವಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಡೆ ಇಡುವಾಗ ನಿನ್ನ ಹೆಸರೂ ಹೇಳಿದೆ.

ಶನಿವಾರ ಬೆಳಗಿನ ಜನಶತಾಬ್ದಿಗೆ ಟಿಕೆಟ್ ಮಾಡಿಸಿದ್ದೇನೆ. ಭಾನುವಾರ ನಿನ್ನ ಜೊತೆ ಇದ್ದು ಸೋಮವಾರ ಹೊರಡುತ್ತೇನೆ. ಸ್ಟೇಷನ್ನಿಗೆ ಬರಬೇಡ, ನಿದ್ದೆ ಮಾಡು. ನಾನು ಆಟೋ ಹಿಡಿದು ಬರುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಚಟ್ನಿಪುಡಿ ಎಲ್ಲ ಕಟ್ಟಿದ್ದೇನೆ. ಉಪ್ಪಿನಕಾಯಿ ಎರಡು ಡಬ್ಬಿ ಇದೆ. ಚಿಕ್ಕದು ಆ ಕಲಬುರಗಿ ಹುಡುಗಿಗೆ. ಸೋಮವಾರ ಊಟದ ಹೊತ್ತಿಗೆ ನೀನೇ ಅವಳನ್ನು ಕರೆದು ಕೊಡು.

ಇಂತಿ ನಿನ್ನ
ಅಮ್ಮ