ಶರಣುಗೆ ಕಾಕಾನ ಪತ್ರ

ಕಲಬುರಗಿ

ಚಿರಂಜೀವಿ ಶರಣುಗೆ ಕಾಕಾನ ಆಶೀರ್ವಾದಗಳು.

ಟ್ರೇನಿಂಗ್ ಮುಗಿದು ಯಾದಗಿರಿ ಅಗ್ನಿಶಾಮಕ ಠಾಣೆಗೆ ಪೋಸ್ಟಿಂಗ್ ಆಯ್ತು ಅಂತ ಅಣ್ಣ ಫೋನ್ ಮಾಡಿ ಹೇಳಿದ. ಬಹಳ ಖುಷಿಯಾಯ್ತು. ಬೆಂಕಿ ಆರಿಸೋದನ್ನು ನಿನಗೆ ಕಲಿಸಿದ್ದಾರೆ. ಮನೆಯ ಮಾತು ಅಲ್ಲಿ ಯಾರೂ ಹೇಳಿರಲ್ಲ.

ಆ ಕಡೆ ಹತ್ತಿ ಜಾಸ್ತಿ. ಜಿನ್ನಿಂಗ್ ಮಿಲ್ಲಿನ ಬೆಂಕಿ ಮೇಲೆ ಆರಿದಂತೆ ಕಂಡರೂ ಹತ್ತಿಯ ಅಂಡಿಗೆಯ (ಒತ್ತಿ ಕಟ್ಟಿದ ಮೂಟೆಯ) ಒಳಗೆ ಉರಿಯುತ್ತಲೇ ಇರುತ್ತದೆ. ಒಂದೊಂದನ್ನೇ ಎಳೆದು, ಬಿಚ್ಚಿ, ನೀರು ಹೊಡೆಯಬೇಕು. ರಾತ್ರಿ ಹೋದವನು ಮರುದಿನ ಸಂಜೆಗೂ ಮನೆ ಸೇರಲಿಕ್ಕಿಲ್ಲ. ಬಂದವನು ಅದೇ ಬಟ್ಟೆಯಲ್ಲಿ ಕೂಸನ್ನು ಎತ್ತಿಕೊಳ್ಳಬೇಡ. ಮಸಿಯಲ್ಲಿರುವ ವಿಷ ಚರ್ಮದಿಂದಲೂ ಮೈಯೊಳಗೆ ಇಳಿಯುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು ನಮ್ಮ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸ ಅಂತ ಹೇಳಿದರು. ಠಾಣೆಯಲ್ಲೇ ಸ್ನಾನ ಮಾಡು. ಯೂನಿಫಾರ್ಮನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಬೇಡ.

ಬೆಂಕಿಗಿಂತ, ಬಾವಿಗೆ ಬಿದ್ದವರನ್ನು ಎತ್ತಲು ಬರುವ ಕರೆಗಳು ಮನಸ್ಸನ್ನು ಜಾಸ್ತಿ ತಿನ್ನುತ್ತವೆ. ನನ್ನ ಜೊತೆಗಿದ್ದವನೊಬ್ಬ ಒಮ್ಮೆ ಬಾವಿಯಿಂದ ಸಣ್ಣ ಹುಡುಗನನ್ನು ಮೇಲೆತ್ತಿದ. ಜೀವ ಇರಲಿಲ್ಲ. ಉಡದಾರದಲ್ಲಿ ಕಟ್ಟಿದ್ದ ತಾಯತ ಹಾಗೇ ಇತ್ತು. ಅವತ್ತಿನಿಂದ ಇವನಿಗೆ ತನ್ನ ಮಗನಿಗೆ ನೀರು ಹಾಕಲು ಆಗಲಿಲ್ಲ. ಮಗ ಬಚ್ಚಲಿಗೆ ಹೋದರೆ ಇವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಗಂಡನಿಗೆ ಮಗ ಬೇಡವಾಗಿದ್ದಾನೆ ಅಂತಲೇ ಹೆಂಡತಿ ತಿಳಿದುಕೊಂಡಳು. ಬಾವಿಯ ಸಂಗತಿ ಅವಳಿಗೆ ಗೊತ್ತಾದದ್ದು ಅವನು ರಿಟೈರ್ ಆದ ಮೇಲೆ. ಅಷ್ಟು ವರ್ಷ ಆ ಮನೆಯವರು ಸುಮ್ನೆ ನೋವು ತಿಂದರು, ಅಲ್ವಾ?

ಕಂಡದ್ದನ್ನೆಲ್ಲ ಮನೆಯಲ್ಲಿ ಬಿಡಿಸಿ ಹೇಳು ಅನ್ನುತ್ತಿಲ್ಲ. "ಇವತ್ತು ಕೆಟ್ಟ ಕಾಲ್ ಬಂದಿತ್ತು, ಸ್ವಲ್ಪ ಹೊತ್ತು ಬಿಡು" ಅಂದರೂ ಸಾಕು, ಸವಿತಾ ತಿಳಿದುಕೊಳ್ಳುತ್ತಾಳೆ. ನಿದ್ದೆ ಬರದಿದ್ದರೆ, ಸಣ್ಣದಕ್ಕೂ ಸಿಟ್ಟು ಬರುತ್ತಿದ್ದರೆ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕುಡಿದು ಮಲಗುವ ದಾರಿ ಮಾತ್ರ ಬೇಡಪ್ಪ. ಆ ದಾರಿ ಹಿಡಿದವರ ಮನೆಗಳನ್ನು ನಾನು ನೋಡಿದ್ದೇನೆ.

ದೀಪಾವಳಿಗೆ ರಜೆ ಸಿಗೋದು ಕಷ್ಟ. ಬರುತ್ತೇನೆ ಅಂತ ಮಕ್ಕಳಿಗೆ ಆಸೆ ಹಚ್ಚಬೇಡ. ಹಬ್ಬವನ್ನು ನಿನ್ನ ಡ್ಯೂಟಿ ನೋಡಿ ಎರಡು ದಿನ ಆಚೆಗೆ ಮಾಡಿ. ನಿನ್ನ ಚಿಗವ್ವ ಹಾಗೇ ಮಾಡುತ್ತಿದ್ದಳು.

ಡ್ಯೂಟಿಗೆ ಸೇರುವ ಮುಂಚೆ ಸವಿತಾಳನ್ನು ಕರೆದುಕೊಂಡು ಒಮ್ಮೆ ಬಾ. ಚಿಗವ್ವ ಅವಳ ಜೊತೆ ಕೂತು ಮಾತಾಡಬೇಕು ಅಂತಿದ್ದಾಳೆ. ಸವಿತಾ ಕೇಳಬೇಕಾದ್ದನ್ನೆಲ್ಲ ಕೇಳಲಿ.

ನಿನ್ನ ಕಾಕಾ