ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಬಡಾವಣೆಯ ಎಲ್ಲ ಸದಸ್ಯರ ಗಮನಕ್ಕೆ,

ಕೆರೆಯಂಚಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಿರುವ ಬಿಲ್ಡರ್ ಕಡೆಯವರು ಗಣೇಶೋತ್ಸವದ ಪೆಂಡಾಲಿನ ಖರ್ಚು ವಹಿಸಿಕೊಂಡು, ಪಾರ್ಕಿಗೆ ನಾಲ್ಕು ಕಲ್ಲುಬೆಂಚು ಹಾಕಿಸಿ, ಈಗ ಮನೆಮನೆಗೆ ಬಂದು ‘ನಮ್ಮ ಅಭ್ಯಂತರವಿಲ್ಲ’ ಎಂದು ಅಚ್ಚಾದ ಹಾಳೆಗೆ ಸಹಿ ಕೇಳುತ್ತಿದ್ದಾರೆ. ನಿನ್ನೆ ನಮ್ಮ ಮನೆಗೆ ತಂದ ಹಾಳೆಯಲ್ಲಿ ಮಹಡಿಗಳ ಸಂಖ್ಯೆ ಬರೆಯುವ ಜಾಗವೇ ಖಾಲಿಯಿತ್ತು. ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯು ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿರುವುದರಿಂದ, ನಮ್ಮನ್ನು ಕೂರಿಸಿ ಕೇಳುವ ಸಭೆ ನಡೆಯದೆಯೇ ಹೋಗಬಹುದು. ಹಾಗಿರುವಾಗ ಈ ಸಹಿಗಳನ್ನೇ ಬಡಾವಣೆಯ ಒಪ್ಪಿಗೆಯೆಂದು ತೋರಿಸುವುದು ಸುಲಭ. ಬೆಂಚುಗಳಿಂದ ಹಿರಿಯರಿಗೆ ನಿಜಕ್ಕೂ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೋರ್‌ವೆಲ್, ಒಳಚರಂಡಿ, ರಾಜಕಾಲುವೆಯಿಂದ ಬಿಡಬೇಕಾದ ಅಂತರ ಇವುಗಳ ಬಗ್ಗೆ ಲಿಖಿತ ಉತ್ತರ ಬರುವ ತನಕ ದಯವಿಟ್ಟು ಯಾರೂ ಸಹಿ ಹಾಕಬೇಡಿ. ಭೂಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಕಂಡರೆ ಕೂಡಲೇ ಫೋಟೊ ತೆಗೆದು ಇಲ್ಲಿ ಹಾಕಿ.